ನಿರ್ವಾತ ತಡೆಯುವ ಕಲ್ಲುಹೂವು ಹೊಗೆಗೆ ಯಾಕೆ ಸಾಯುತ್ತದೆ?

ನೀಲಿಕಲ್ಲು:
ಎರಡು ವಿಷಯ ಒಂದಕ್ಕೊಂದು ತಾಳೆ ಆಗುತ್ತಿಲ್ಲ, ಬಲ್ಲವರು ಬಿಡಿಸಿ ಹೇಳಿ. ಕಲ್ಲುಹೂವನ್ನು, ಅಂದರೆ ಲೈಕೆನ್ನನ್ನು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಒಂದೂವರೆ ವರ್ಷ ಇಟ್ಟಿದ್ದರಂತೆ, ಆದರೂ ಬದುಕಿತಂತೆ. ಅಲ್ಲಿ ಗಾಳಿ ಇಲ್ಲ, ನೀರಿಲ್ಲ, ಅತಿನೇರಳೆ ಕಿರಣ ಸೀದಾ ಮೈಮೇಲೆ. ಇನ್ನೊಂದು ಕಡೆ, ಕಾರ್ಖಾನೆ ಹೊಗೆ ಜಾಸ್ತಿ ಇರುವ ಊರುಗಳಲ್ಲಿ ಅದು ಉಳಿಯುವುದೇ ಇಲ್ಲ, ಗಾಳಿ ಕೆಟ್ಟಿದೆಯಾ ಅಂತ ತಿಳಿಯಲು ಅದನ್ನೇ ನೋಡುತ್ತಾರೆ ಅಂತಲೂ ಓದಿದೆ. ಹಾಗಾದರೆ ಇದು ಗಟ್ಟಿ ಜೀವವಾ, ನಾಜೂಕು ಜೀವವಾ?

ಒಣಬಂಡೆ:
ಒಣಗಿರುವಾಗ ಗಟ್ಟಿ. ಒದ್ದೆಯಾಗಿರುವಾಗ ನಾಜೂಕು. ನಿಮ್ಮ ಎರಡು ಸುದ್ದಿಗೂ ಉತ್ತರ ಇಷ್ಟೇ, ಆದರೆ ಹೇಗೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಕಲ್ಲುಹೂವು ಒಂದೇ ಜೀವಿ ಅಲ್ಲ, ಗೊತ್ತಿರಬಹುದು. ಶಿಲೀಂಧ್ರವೊಂದು ಹಸಿರು ಪಾಚಿಯನ್ನೋ ಸಯನೋಬ್ಯಾಕ್ಟೀರಿಯಾವನ್ನೋ (ಪಾಚಿಯಂತೆಯೇ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ತನ್ನೊಳಗೆ ಇಟ್ಟುಕೊಂಡು ಬಾಳುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಮೈ ಕಟ್ಟುತ್ತದೆ. ಈ ಜೋಡಿಗೆ ಬೇರಿಲ್ಲ. ಎಲೆಗಳ ಮೇಲಿರುವಂಥ ಮೇಣದ ಪದರ ಇಲ್ಲ. ತೆರೆದು ಮುಚ್ಚುವ ರಂಧ್ರಗಳೂ ಇಲ್ಲ. ಹಾಗಾಗಿ ಒಳಗಿನ ನೀರಿನ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಗಾಳಿ ತೇವವಾಗಿದ್ದರೆ ಅದೂ ತೇವ, ಗಾಳಿ ಒಣಗಿದರೆ ಅದೂ ಒಣಗುತ್ತದೆ. ಗಿಡಮರಗಳು ನೀರು ಹೊರಗೆ ಹೋಗದಂತೆ ತಡೆಯಲು ಏನೆಲ್ಲ ಪಾಡು ಪಡುತ್ತವೆ ನೋಡಿ. ಇದು ತಡೆಯುವ ಗೋಜಿಗೇ ಹೋಗುವುದಿಲ್ಲ.

ಮಳೆಯಲ್ಲಿ ತನ್ನ ಒಣ ತೂಕದ ಎರಡು ಮೂರು ಪಟ್ಟು ನೀರು ಹೀರಿಕೊಂಡಿದ್ದ ಕಲ್ಲುಹೂವು ಬಿಸಿಲಿಗೆ ಬಿದ್ದರೆ ಕೆಲವೇ ಗಂಟೆಯಲ್ಲಿ ಆ ತೂಕದ ಶೇ. 10ಕ್ಕಿಂತ ಕಡಿಮೆ ನೀರಿಗೆ ಇಳಿದುಬಿಡುತ್ತದೆ. ಬೇರೆ ಜೀವಿಗಳ ಕೋಶ ಆ ಹಂತದಲ್ಲಿ ಕುಸಿದುಹೋಗುತ್ತದೆ. ಪೊರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪ್ರೋಟೀನುಗಳು ಆಕಾರ ಕಳೆದುಕೊಳ್ಳುತ್ತವೆ. ಕಲ್ಲುಹೂವಿನಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಅದರ ಕೋಶಗಳಲ್ಲಿ ಸಕ್ಕರೆಯಂಥ ಕೆಲವು ವಸ್ತುಗಳು ಮೊದಲೇ ತುಂಬಿರುತ್ತವೆ. ಪಾಚಿ ರಿಬಿಟಾಲ್ ತಯಾರಿಸಿ ಶಿಲೀಂಧ್ರಕ್ಕೆ ಕೊಡುತ್ತದೆ, ಶಿಲೀಂಧ್ರ ಅದನ್ನು ಅರಾಬಿಟಾಲ್, ಮ್ಯಾನಿಟಾಲ್ ಆಗಿ ಬದಲಿಸಿಕೊಳ್ಳುತ್ತದೆ. ನೀರು ಹೋದ ಜಾಗದಲ್ಲಿ ಇವು ನಿಂತು ಪೊರೆ, ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತವೆ. ಇನ್ನೂ ಒಣಗಿದರೆ ಕೋಶದ ಒಳಗಿನದೆಲ್ಲ ಗಾಜಿನಂತೆ ಬಿಗಿಯಾಗುತ್ತದೆ. ಅಣುಗಳು ಅಲುಗಾಡಲಾರವು, ಅಂದಮೇಲೆ ಯಾವ ರಾಸಾಯನಿಕ ಕ್ರಿಯೆಯೂ ನಡೆಯದು. ಉಸಿರಾಟವೂ ಇಲ್ಲ.

ಈ ಸ್ಥಿತಿಯಲ್ಲಿ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಮುಳುಗಿಸಿ ತೆಗೆದರೂ ಹಲವು ಜಾತಿಗಳಿಗೆ ಏನೂ ಆಗುವುದಿಲ್ಲ. ಕೋಶ ಸೀಳುವುದು ಮಂಜುಗಡ್ಡೆಯ ಹರಳು. ಹರಳಾಗಲು ನೀರೇ ಇಲ್ಲವಲ್ಲ. ಬಿಸಿಯಲ್ಲೂ ಇದೇ ಕಥೆ. ಒಣಗಿದ್ದಾಗ 70 ಡಿಗ್ರಿ ತಡೆಯುವ ಜಾತಿ ಒದ್ದೆ ಇದ್ದಾಗ 40ರ ಆಸುಪಾಸಿನಲ್ಲೇ ಕೆಡುತ್ತದೆ.

ಚುಕ್ಕೆಮಳೆ:
ಒಣಗಿದರೆ ಎಲ್ಲ ಕ್ರಿಯೆಯೂ ನಿಲ್ಲುತ್ತದೆ ಅಂದಿರಿ, ಸರಿ. ಬಿಸಿಲು ನಿಲ್ಲುವುದಿಲ್ಲವಲ್ಲ? ಪಾಚಿಯ ಹಸಿರು ವಸ್ತು ಬೆಳಕು ಹೀರುತ್ತಲೇ ಇರುತ್ತದೆ. ಆಹಾರ ತಯಾರಿಸಲು ಆಗದಿರುವಾಗ ಆ ಶಕ್ತಿ ಎಲ್ಲಿಗೆ ಹೋಗುತ್ತದೆ? ಕೋಶವನ್ನೇ ಸುಡಬೇಕಲ್ವಾ?

ಭೂತಗನ್ನಡಿ:
ಒಳ್ಳೆ ಪ್ರಶ್ನೆ. ಇದರಲ್ಲಿ ಅರ್ಧ ಭಾಗವನ್ನು ನೀವೇ ಕಣ್ಣಾರೆ ನೋಡಬಹುದು, ಒಂದು ಭೂತಗನ್ನಡಿ ಇದ್ದರೆ ಸಾಕು.

ಒಣಗಿದ, ಎಲೆಯಾಕಾರದ ಕಲ್ಲುಹೂವಿನ ಚೂರೊಂದನ್ನು ಗನ್ನಡಿ ಕೆಳಗೆ ಇಡಿ. ಬೂದಿ ಬಣ್ಣ, ಅಂಚು ಮೇಲಕ್ಕೆ ಸುರುಳಿ, ಮುಟ್ಟಿದರೆ ಪುಡಿ ಆಗುವಷ್ಟು ಗರಿಗರಿ. ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮೊದಲು ಗುಂಡಗೆ ನಿಂತು ಆಮೇಲೆ ಇಂಗುತ್ತದೆ. ಇಂಗಿದ ಜಾಗದಿಂದ ಹಸಿರು ಬಣ್ಣ ಹೊರಕ್ಕೆ ಹರಡುತ್ತಾ ಹೋಗುತ್ತದೆ. ಸುರುಳಿ ಬಿಚ್ಚಿಕೊಳ್ಳುತ್ತದೆ. ನಿಮಿಷದೊಳಗೆ ಆ ಚೂರು ಮೆತ್ತಗಾಗಿ ಬಗ್ಗಿಸಿದರೂ ಮುರಿಯದಂತೆ ಆಗುತ್ತದೆ. ಹಸಿರು ಹೊಸದಾಗಿ ಹುಟ್ಟಿದ್ದಲ್ಲ, ಮೊದಲೇ ಇತ್ತು. ಮೇಲಿನ ಶಿಲೀಂಧ್ರದ ಪದರ ಒಣಗಿದಾಗ ಅದರ ಎಳೆಗಳ ನಡುವೆ ಗಾಳಿ ತುಂಬಿ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ಬೂದಿ. ನೀರು ತುಂಬಿದರೆ ಅದೇ ಪದರ ಪಾರದರ್ಶಕ. ಅಂದರೆ ಪಾಚಿಗೆ ಬೆಳಕು ಬೇಡವಾದ ಹೊತ್ತಿಗೆ ಪರದೆ ತಾನಾಗೇ ಬೀಳುತ್ತದೆ, ಬೇಕಾದಾಗ ತಾನಾಗೇ ಏಳುತ್ತದೆ. ನನಗೆ ಇದು ಬಾಹ್ಯಾಕಾಶದ ಕಥೆಗಿಂತ ದೊಡ್ಡ ಸೋಜಿಗ.

ಪರದೆ ದಾಟಿ ಬರುವ ಬೆಳಕಿಗೆ ಇನ್ನೊಂದು ಏರ್ಪಾಡಿದೆ. ಒಣಗುವಾಗ ಪಾಚಿಯೊಳಗಿನ ಬೆಳಕು ಹಿಡಿಯುವ ವ್ಯವಸ್ಥೆ ತನ್ನ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಹೀರಿದ ಶಕ್ತಿಯನ್ನು ಅಲ್ಲಲ್ಲೇ ಶಾಖವಾಗಿ ಹೊರಗೆ ಬಿಟ್ಟುಬಿಡುತ್ತದೆ.

ಮೂರನೆಯದು ಬಣ್ಣ. ಬಂಡೆ ಮೇಲೆ ಕಿತ್ತಳೆ ಬಣ್ಣದಲ್ಲಿ ಎದ್ದು ಕಾಣುವ ಝಾಂಥೋರಿಯಾ ಜಾತಿಗಳಲ್ಲಿ ಪ್ಯಾರಿಯೆಟಿನ್ ಇರುತ್ತದೆ. ಇದು ನೀಲಿ ಬೆಳಕನ್ನೂ ಅತಿನೇರಳೆಯನ್ನೂ ತಡೆಯುತ್ತದೆ. ನೆರಳಲ್ಲಿ ಬೆಳೆದದ್ದು ಮಾಸಲು, ಬಿಸಿಲಲ್ಲಿ ಬೆಳೆದದ್ದು ಕಡು ಕಿತ್ತಳೆ. ಹಳದಿ-ಹಸಿರು ಜಾತಿಗಳಲ್ಲಿ ಅಸ್ನಿಕ್ ಆಮ್ಲ, ಕಪ್ಪು ಜಾತಿಗಳಲ್ಲಿ ಮೆಲನಿನ್.

ಚುಕ್ಕೆಮಳೆ:
ಇದರಲ್ಲಿ ಶಿಲೀಂಧ್ರದ ಪಾಲು ದೊಡ್ಡದು ಅನ್ನಿಸುತ್ತಿದೆ. ಪಾಚಿಯನ್ನು ಹೊರಗೆ ತೆಗೆದು ಒಂಟಿಯಾಗಿ ಬೆಳೆಸಿದರೆ?

ಭೂತಗನ್ನಡಿ:
ಆ ಪ್ರಯೋಗ ಆಗಿದೆ. ಇಲ್ಸೆ ಕ್ರಾನರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಕ್ಲಾಡೋನಿಯಾ ವಲ್ಕಾನಿ ಅನ್ನುವ ಜಾತಿಯ ಶಿಲೀಂಧ್ರ, ಪಾಚಿ ಎರಡನ್ನೂ ಬೇರೆ ಬೇರೆ ಬೆಳೆಸಿ ಒಣಗಿಸಿ ನೋಡಿದರು. ಒಂಟಿಯಾಗಿದ್ದಾಗ ಎರಡಕ್ಕೂ ಆಕ್ಸಿಡೀಕರಣದ ಪೆಟ್ಟು, ಅಂದರೆ ಚುರುಕು ಆಮ್ಲಜನಕದಿಂದ ಕೋಶಕ್ಕೆ ಆಗುವ ಹಾನಿ, ಹೆಚ್ಚು ಬಿತ್ತು. ಜೋಡಿಯಾಗಿದ್ದಾಗ ಒಂದರ ರಕ್ಷಣಾ ವ್ಯವಸ್ಥೆಯನ್ನು ಇನ್ನೊಂದು ಚುರುಕು ಮಾಡುತ್ತಿತ್ತು. ಹಾಗಾಗಿ ಶಿಲೀಂಧ್ರ ಬರೀ ಕೊಡೆ ಹಿಡಿದು ನಿಂತಿದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹಿಮಗಾಳಿ:
ಅಂಟಾರ್ಕ್ಟಿಕಾ ಬಗ್ಗೆ ಯಾರೂ ಎತ್ತಲಿಲ್ಲ ಅಂತ ನಾನೇ ಬಂದೆ. ಆ ಖಂಡದಲ್ಲಿ ತಾನಾಗಿ ಬೆಳೆಯುವ ಹೂಬಿಡುವ ಸಸ್ಯ ಬರೀ 2. ಲೈಕೆನ್ ಜಾತಿಗಳು 400ರ ಹತ್ತಿರ. ದಕ್ಷಿಣ ಧ್ರುವದ ಕಡೆಗೆ 86 ಡಿಗ್ರಿ ಅಕ್ಷಾಂಶದವರೆಗೂ ಬಂಡೆ ತಲೆ ಎತ್ತಿದ ಕಡೆ ಅವು ಸಿಕ್ಕಿವೆ.

ಆದರೆ ಇಲ್ಲಿ ಒಣಬಂಡೆ ಅವರ ಮಾತಿಗೆ ಸ್ವಲ್ಪ ತಕರಾರಿದೆ. ಒಣಗಿ ಮಲಗಿದ್ದರೆ ಸಾಯುವುದಿಲ್ಲ, ನಿಜ. ಅಷ್ಟರಿಂದಲೇ ಯಾರೂ ಬದುಕಲಾರರು. ಎಂದಾದರೂ ಎದ್ದು ದುಡಿಯಬೇಕು. ಅಂಟಾರ್ಕ್ಟಿಕಾದ ಕಲ್ಲುಹೂವು ಚಳಿಯಲ್ಲೇ ದುಡಿಯುತ್ತದೆ. ಅಂಬಿಲಿಕೇರಿಯಾ ಅಪ್ರೀನಾ ಅನ್ನುವ ಜಾತಿ ಮೈನಸ್ 17 ಡಿಗ್ರಿಯಲ್ಲಿ ದ್ಯುತಿಸಂಶ್ಲೇಷಣೆ ಮಾಡುವುದನ್ನು ಅಲ್ಲೇ, ಅದು ಬೆಳೆದ ಜಾಗದಲ್ಲೇ, 1990ರ ದಶಕದಲ್ಲಿ ಅಳೆದಿದ್ದಾರೆ. ದ್ರವ ನೀರು ಬೇಕೇ ಬೇಕು ಅಂತಿಲ್ಲ, ಹಿಮದಿಂದ ನೇರವಾಗಿ ಏಳುವ ಆವಿಯನ್ನೂ ಹೀರಿಕೊಳ್ಳುತ್ತದೆ.

ನನ್ನ ಮೆಚ್ಚಿನ ಉದಾಹರಣೆ ಮ್ಯಾಕ್‌ಮರ್ಡೋ ಒಣ ಕಣಿವೆಗಳದ್ದು. ಭೂಮಿಯಲ್ಲಿ ಮಂಗಳ ಗ್ರಹವನ್ನು ಹೋಲುವ ಜಾಗ ತೋರಿಸಿ ಅಂದರೆ ವಿಜ್ಞಾನಿಗಳು ಅಲ್ಲಿಗೇ ಬೆರಳು ತೋರಿಸುತ್ತಾರೆ. ಬಂಡೆಗಳ ಮೇಲೆ ನೋಡಿದರೆ ಬಹುಪಾಲು ಕಡೆ ಏನೂ ಕಾಣದು. ಇಮ್ರೆ ಫ್ರೀಡ್‌ಮನ್ ಅಲ್ಲಿನ ಮರಳುಗಲ್ಲನ್ನು ಒಡೆದು ನೋಡಿದರು. 1982ರಲ್ಲಿ ಅವರು ವಿವರಿಸಿದ್ದು ಹೀಗೆ: ಮೇಲೆ ತೆಳುವಾದ ಕಲ್ಲಿನ ಚಕ್ಕೆ, ಅದರ ಕೆಳಗೆ ಒಂದು ಕಪ್ಪು ಗೆರೆ, ಅದರ ಕೆಳಗೆ ಬಿಳಿ ಪಟ್ಟಿ, ಇನ್ನೂ ಕೆಳಗೆ ಹಸಿರು. ಎಲ್ಲ ಸೇರಿ ಒಂದು ಸೆಂಟಿಮೀಟರ್ ಆಗಬಹುದು. ಕಪ್ಪೂ ಬಿಳಿಯೂ ಲೈಕೆನ್ನಿನದೇ. ಮರಳಿನ ಕಣಗಳ ನಡುವಿನ ಸಂದಿಯಲ್ಲಿ ಶಿಲೀಂಧ್ರದ ಎಳೆ, ಪಾಚಿಯ ಗುಂಪು. ಹೊರಗೆ ಗಾಳಿ ಸೊನ್ನೆಗಿಂತ ಕೆಳಗಿದ್ದರೂ ಬಿಸಿಲಿಗೆ ಕಲ್ಲು ಸೊನ್ನೆ ದಾಟುತ್ತದೆ. ಅಪರೂಪಕ್ಕೆ ಬಿದ್ದ ಹಿಮ ಕರಗಿ ಒಳಗೆ ಇಂಗುತ್ತದೆ. ವರ್ಷದ ದುಡಿಮೆಯೆಲ್ಲ ಅಂಥ ಗಂಟೆಗಳಲ್ಲೇ ನಡೆಯಬೇಕು.

ಇನ್ನೂ ಒಂದು ವಿಷಯ. ಒಳಗಿರುವ ಲೈಕೆನ್ ಮರಳಿನ ಕಣಗಳನ್ನು ಅಂಟಿಸಿರುವ ಗಾರೆಯನ್ನು ಕರಗಿಸುತ್ತಾ ಹೋಗುತ್ತದೆ. ಕೊನೆಗೊಂದು ದಿನ ಮೇಲಿನ ಚಕ್ಕೆ ಕಳಚಿ ಬೀಳುತ್ತದೆ. ತನ್ನ ಸೂರನ್ನು ತಾನೇ ಕಿತ್ತು ಹಾಕಿದಂತಾಯಿತು! ಉಳಿದದ್ದು ಮತ್ತೆ ಒಳಕ್ಕೆ ಇಳಿಯುತ್ತದೆ.

ಅಡ್ಡಪ್ರಶ್ನೆ:
ಎಲ್ಲ ಚೆನ್ನಾಗಿದೆ, ಆದರೆ ಬಾಹ್ಯಾಕಾಶದ ಸುದ್ದಿಗಳನ್ನು ಯಾಕೋ ಸುಮ್ನೆ ಉಬ್ಬಿಸುತ್ತಾರೆ ಅನ್ನಿಸುತ್ತದೆ. "ಬದುಕಿತು" ಅಂದರೆ ಏನು? ಅಲ್ಲಿ ಬೆಳೆಯಿತಾ? ಮರಿ ಹಾಕಿತಾ? ಒಣಗಿಸಿ ಡಬ್ಬಿಯಲ್ಲಿಟ್ಟದ್ದು ಕೆಡಲಿಲ್ಲ, ಅಷ್ಟೇ ತಾನೆ?

ಒಣಬಂಡೆ:
ಹೌದು, ಅಷ್ಟೇ. ಅದೇ ದೊಡ್ಡದು ಅನ್ನುವುದು ನನ್ನ ವಾದ. ನಡೆದದ್ದನ್ನು ಹೇಳುತ್ತೇನೆ, ಉಬ್ಬಿದೆಯೋ ಇಲ್ಲವೋ ನೀವೇ ನೋಡಿ.

2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಬಯೋಪ್ಯಾನ್ ಅನ್ನುವ ಪೆಟ್ಟಿಗೆ ರಷ್ಯಾದ ಫೋಟಾನ್-ಎಂ2 ಉಪಗ್ರಹದ ಮೇಲೆ ಹೋಯಿತು. ಒಳಗೆ ಸ್ಪೇನಿನ ಎತ್ತರದ ಬೆಟ್ಟಗಳಿಂದ ತಂದ ಎರಡು ಜಾತಿ: ರೈಜೋಕಾರ್ಪನ್ ಜಿಯಾಗ್ರಫಿಕಮ್, ಝಾಂಥೋರಿಯಾ ಎಲೆಗನ್ಸ್. ಮೇಲೆ ಹೋದ ನಂತರ ಪೆಟ್ಟಿಗೆಯ ಮುಚ್ಚಳ ತೆರೆಯಿತು. ಸುಮಾರು 2 ವಾರ ನಿರ್ವಾತ, ಬಿಸಿಲು, ವಿಶ್ವಕಿರಣ. ವಾಪಸ್ ಬಂದ ಮೇಲೆ ಸ್ಪೇನಿನ ಲಿಯೋಪೋಲ್ಡೋ ಸಾಂಚೋ ಅವರ ತಂಡ ನೀರು ಕೊಟ್ಟಾಗ ಒಂದು ದಿನದಲ್ಲಿ ದ್ಯುತಿಸಂಶ್ಲೇಷಣೆ ಮೊದಲಿನ ಮಟ್ಟಕ್ಕೆ ಬಂತು. ನೀಲಿಕಲ್ಲು ಓದಿದ ಒಂದೂವರೆ ವರ್ಷದ್ದು ಎಕ್ಸ್‌ಪೋಸ್-ಇ ಅನ್ನುವ ಪ್ರಯೋಗ, 2008ರ ಫೆಬ್ರವರಿಯಿಂದ 2009ರ ಸೆಪ್ಟೆಂಬರ್‌ವರೆಗೆ, ಬಾಹ್ಯಾಕಾಶ ನಿಲ್ದಾಣದ ಕೊಲಂಬಸ್ ಪ್ರಯೋಗಾಲಯದ ಹೊರಗೆ. ಅದರಲ್ಲಿ ಹೋದದ್ದು ಮತ್ತೆ ಝಾಂಥೋರಿಯಾ ಎಲೆಗನ್ಸ್. ಎಲ್ಲ ಕೋಶಗಳೂ ಉಳಿಯಲಿಲ್ಲ, ಪಾಚಿಗಿಂತ ಶಿಲೀಂಧ್ರ ಚೆನ್ನಾಗಿ ತಡೆದುಕೊಂಡಿತು. ಆದರೂ ಮತ್ತೆ ಕೆಲಸ ಶುರು ಮಾಡುವಷ್ಟು ಉಳಿಯಿತು.

ಮಾಮೂಲಿ ಗಿಡದ ಎಲೆಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಮತ್ತೆ ನೀರು ಹಾಕಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಅಡ್ಡಪ್ರಶ್ನೆ:
ಮಂಗಳದಲ್ಲಿ ಬೆಳೆಯುತ್ತದೆ ಅಂತ ಬರೆಯುವವರಿಗೂ ಇದನ್ನೇ ಹೇಳಿ ಮತ್ತೆ.

ಹಿಮಗಾಳಿ:
ಮಂಗಳದ ವಿಷಯ ಸ್ವಲ್ಪ ಬೇರೆ. ಬಾಹ್ಯಾಕಾಶದಲ್ಲಿ ಬರೀ ಮಲಗಿತ್ತು. ಬರ್ಲಿನ್ನಿನ ಜರ್ಮನ್ ಬಾಹ್ಯಾಕಾಶ ಕೇಂದ್ರದಲ್ಲಿ ಮಂಗಳದಂಥ ವಾತಾವರಣ ಕಟ್ಟಿದ ಕೋಣೆಯೊಳಗೆ ಅಂಟಾರ್ಕ್ಟಿಕಾದ ಪ್ಲಿಯೋಪ್ಸಿಡಿಯಮ್ ಕ್ಲೋರೋಫಾನಮ್ ಅನ್ನು 34 ದಿನ ಇಟ್ಟಿದ್ದರು. ಗಾಳಿಯೆಲ್ಲ ಹೆಚ್ಚುಕಮ್ಮಿ ಇಂಗಾಲದ ಡೈಆಕ್ಸೈಡ್, ಒತ್ತಡ ನಮ್ಮದರ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಹಗಲು ರಾತ್ರಿ ಏರಿಳಿಯುವ ಚಳಿ. ಕಲ್ಲಿನ ಸಂದಿಯಲ್ಲಿ ಸಿಗುವಷ್ಟು ಕಡಿಮೆ ಅತಿನೇರಳೆ ಕೊಟ್ಟಾಗ ಅದು ದ್ಯುತಿಸಂಶ್ಲೇಷಣೆಯನ್ನೂ ನಡೆಸಿತು. ಪೂರ್ತಿ ಬೆಳಕಿಗೆ ಒಡ್ಡಿದ್ದಕ್ಕೆ ಪೆಟ್ಟು ಜಾಸ್ತಿ ಬಿತ್ತು. ಅಂದರೆ ಸಂದಿ ಸಿಕ್ಕರೆ ಸ್ವಲ್ಪ ದಿನ ದುಡಿಯಬಲ್ಲದು. ಅಲ್ಲಿ ಊರು ಕಟ್ಟುತ್ತದೆ ಅಂತ ಆ ವಿಜ್ಞಾನಿಗಳೂ ಹೇಳಿಲ್ಲ.

ಇಬ್ಬನಿ:
ಮರುಭೂಮಿ ಬಿಟ್ಟುಹೋಗಿದೆ, ಸೇರಿಸುತ್ತೇನೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಒಟ್ಟೋ ಲಾಂಗೆ ಅನ್ನುವ ಜರ್ಮನ್ ವಿಜ್ಞಾನಿ ರಾಮಲಿನಾ ಮ್ಯಾಸಿಫಾರ್ಮಿಸ್ ಮೇಲೆ ಮಾಡಿದ ಕೆಲಸ ಓದಲೇಬೇಕು. ರಾತ್ರಿ ಇಬ್ಬನಿ ಬಿದ್ದು ಕಲ್ಲುಹೂವು ನೆನೆಯುತ್ತದೆ. ಕತ್ತಲಲ್ಲಿ ಬೆಳಕಿಲ್ಲ, ಹಾಗಾಗಿ ಉಸಿರಾಡುತ್ತಾ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಸೂರ್ಯ ಹುಟ್ಟಿದ ಕೂಡಲೇ ಗಳಿಕೆ ಶುರು. ಬಿಸಿಲೇರುತ್ತಿದ್ದಂತೆ ಒಣಗಿ ಅಂಗಡಿ ಮುಚ್ಚುತ್ತದೆ. ಬೆಳಗಿನ ಮೂರು ಗಂಟೆಯಷ್ಟು ಹೊತ್ತಿನಲ್ಲಿ ರಾತ್ರಿಯ ಖರ್ಚು ಕಳೆದು ಸ್ವಲ್ಪ ಮಿಗಬೇಕು. ಹೆಚ್ಚಿನ ದಿನ ಮಿಗುತ್ತದೆ, ಬೇಗ ಒಣಗಿದ ದಿನ ನಷ್ಟ. ಇದೇ ಜಾತಿ ಸುಮಾರು ಒಂದು ವರ್ಷ ಪೂರ್ತಿ ಒಣಗಿದ್ದು ಮತ್ತೆ ಚೇತರಿಸಿಕೊಂಡದ್ದನ್ನೂ ಲಾಂಗೆ ತೋರಿಸಿದ್ದಾರೆ.

ಲಾಂಗೆ ತಂಡದವರೇ 1986ರಲ್ಲಿ ಹೇಳಿದ ಇನ್ನೊಂದು ವಿಷಯ: ಒಳಗೆ ಹಸಿರು ಪಾಚಿ ಇರುವ ಜಾತಿಗಳು ಬರೀ ತೇವದ ಗಾಳಿಯಿಂದಲೇ ಎಚ್ಚರಗೊಳ್ಳುತ್ತವೆ. ಸಯನೋಬ್ಯಾಕ್ಟೀರಿಯಾ ಇರುವವಕ್ಕೆ ಹನಿ ನೀರೇ ಬೇಕು. ನಮೀಬ್ ಮರುಭೂಮಿಯ ಕರಾವಳಿಯಲ್ಲಿ ಮಳೆ ಇಲ್ಲದಿದ್ದರೂ ಸಮುದ್ರದ ಮಂಜು ನೆಚ್ಚಿಕೊಂಡು ಕಲ್ಲುಹೂವಿನ ಬಯಲುಗಳೇ ಇವೆ. ಆ ಬಯಲುಗಳ ಮೇಲೆ ಗಾಡಿ ಹೋದರೆ ಚಕ್ರದ ಗುರುತು ದಶಕಗಟ್ಟಲೆ ಅಳಿಯುವುದಿಲ್ಲ, ಅಷ್ಟು ನಿಧಾನ ಬೆಳವಣಿಗೆ.

ನೀಲಿಕಲ್ಲು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆದರೆ ನನ್ನ ಪ್ರಶ್ನೆಯ ಅರ್ಧ ಇನ್ನೂ ಬಾಕಿ. ಹೊಗೆ?

ಒಣಬಂಡೆ:
ಬಂದೆ ಅಲ್ಲಿಗೇ. ನೀರು ಒಳಗೆ ಬರಲು ತಡೆ ಇಲ್ಲ ಅಂದೆನಲ್ಲ, ನೀರಿನಲ್ಲಿ ಕರಗಿದ್ದಕ್ಕೂ ತಡೆ ಇಲ್ಲ. ಬೇರಿಲ್ಲದ ಜೀವಿಗೆ ಲವಣಾಂಶವೆಲ್ಲ ಮಳೆ, ಮಂಜು, ಧೂಳಿನಿಂದಲೇ ಬರಬೇಕು, ಹಾಗಾಗಿ ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ಎಲೆ ಉದುರಿಸಿ ವಿಷ ಹೊರಹಾಕುವ ದಾರಿಯೂ ಅದಕ್ಕಿಲ್ಲ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಡೈಆಕ್ಸೈಡ್ ಒದ್ದೆ ಮೈಯಲ್ಲಿ ಕರಗಿ ಆಮ್ಲವಾಗುತ್ತದೆ, ಪಾಚಿಯ ಹಸಿರು ವಸ್ತು ಮುರಿದು ಕಂದಾಗುತ್ತದೆ. ಪಾಚಿ ಹೋದರೆ ಶಿಲೀಂಧ್ರಕ್ಕೆ ಊಟವಿಲ್ಲ. ಇದು ಆಗುವುದು ಅದು ಎದ್ದು ದುಡಿಯುತ್ತಿರುವ ಹೊತ್ತಿನಲ್ಲಿ. ಬಾಹ್ಯಾಕಾಶದಲ್ಲಿ ಅದು ಒಮ್ಮೆಯೂ ಏಳಲಿಲ್ಲ. ಊರಲ್ಲಿ ಮಂಜು ಬಿದ್ದ ಬೆಳಗೆಲ್ಲ ಏಳುತ್ತದೆ, ಎದ್ದಾಗೆಲ್ಲ ವಿಷ ಕುಡಿಯುತ್ತದೆ.

ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ನೋಡಿ ಲೈಕೆನ್ ತಜ್ಞ ವಿಲಿಯಂ ನೈಲಾಂಡರ್ 1866ರಲ್ಲೇ ಇದು ಗಾಳಿಯ ಶುದ್ಧಿ ಅಳೆಯುವ ಸಾಧನ ಅಂದಿದ್ದರು. ತಮಾಷೆ ಏನೆಂದರೆ ಲೈಕೆನ್ನಿನಲ್ಲಿ ಎರಡು ಜೀವಿಗಳಿವೆ ಅಂತ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ಇದೇ ನೈಲಾಂಡರ್ ಸುತಾರಾಂ ಒಪ್ಪಲಿಲ್ಲ.

ಅಡ್ಡಪ್ರಶ್ನೆ:
ಎಲ್ಲ ಜಾತಿಯೂ ಹೊಗೆಗೆ ಸಾಯುವುದಿಲ್ಲ. ಲೆಕನೋರಾ ಕೊನಿಝಿಯಾಯ್ಡಿಸ್ ಅನ್ನುವುದು ಬ್ರಿಟನ್ನಿನ ಕೊಳಕು ಗಾಳಿಯಲ್ಲೇ ಹಬ್ಬಿತ್ತು. ಗಾಳಿ ಸ್ವಚ್ಛವಾದ ಮೇಲೆ ಅದೇ ಅಪರೂಪ ಆಯಿತು.

ಹಿಮಗಾಳಿ:
ಹೀರಿಕೊಳ್ಳುವ ಗುಣಕ್ಕೆ ಇನ್ನೊಂದು ಮುಖ ಇದೆ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 1961ರಿಂದ ಒಂದು ಕಾಡಿನ ನಡುವೆ ಸೀಸಿಯಂ-137 ಇಟ್ಟು ಗಾಮಾ ಕಿರಣ ಹಾಯಿಸುತ್ತಿದ್ದರು. ಹತ್ತಿರದ ಮರಗಳೆಲ್ಲ ಸತ್ತ ಜಾಗದಲ್ಲೂ ಕೆಲವು ಕಲ್ಲುಹೂವುಗಳು ಉಳಿದವು. ಆದರೆ 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತ ಆದಾಗ ಸ್ವೀಡನ್, ನಾರ್ವೆಯ ಕಲ್ಲುಹೂವು ಗಾಳಿಯಲ್ಲಿ ಬಂದ ಸೀಸಿಯಂ ಹೀರಿಕೊಂಡಿತು. ಅದಕ್ಕೇನೂ ಆಗಲಿಲ್ಲ. ಅದನ್ನು ಮೇಯ್ದ ಹಿಮಸಾರಂಗಗಳ ಮಾಂಸ ತಿನ್ನಲು ಬಾರದಂತಾಯಿತು.

ಚುಕ್ಕೆಮಳೆ:
ಹಾಗಾದರೆ ಭೂಮಿ ಬಿಸಿಯಾದರೆ ಇವಕ್ಕೆ ಚಿಂತೆ ಇಲ್ಲ ಅನ್ನಬಹುದಾ? 70 ಡಿಗ್ರಿ ತಡೆಯುವ ಜೀವಕ್ಕೆ ಎರಡು ಡಿಗ್ರಿ ಯಾವ ಲೆಕ್ಕ?

ಇಬ್ಬನಿ:
ಲೆಕ್ಕ ಇದೆ. ಒದ್ದೆ ಇರುವ ಗಂಟೆಗಳ ಜಮಾ-ಖರ್ಚು ನೋಡಿ. ರಾತ್ರಿ ಬೆಚ್ಚಗಿದ್ದರೆ ಉಸಿರಾಟದ ಖರ್ಚು ಏರುತ್ತದೆ. ಬೆಳಿಗ್ಗೆ ಬೇಗ ಒಣಗಿದರೆ ಗಳಿಕೆ ಇಳಿಯುತ್ತದೆ. ದಿನವೂ ಸ್ವಲ್ಪ ನಷ್ಟವಾದರೆ ಸಾಕು, ಯಾವ ವೀರಾವೇಶದ ತಾಳಿಕೆಯೂ ಕಾಪಾಡದು. ಅಮೆರಿಕದ ಕೊಲರಾಡೋ ಪ್ರಸ್ಥಭೂಮಿಯಲ್ಲಿ ಮಣ್ಣಿನ ಮೇಲೆ ಬೆಳೆಯುವ ಕಲ್ಲುಹೂವುಗಳು ದಶಕಗಳಲ್ಲಿ ಬಹಳ ಕಡಿಮೆಯಾಗಿವೆ, ಬೇಸಿಗೆಯ ತಾಪ ಏರಿದ್ದಕ್ಕೂ ಇದಕ್ಕೂ ನಂಟಿದೆ ಅಂತ 2022ರಲ್ಲಿ ವರದಿಯಾಯಿತು.

ಭೂತಗನ್ನಡಿ:
ಜೊತೆಗೆ ಓಡಿ ತಪ್ಪಿಸಿಕೊಳ್ಳುವಷ್ಟು ವೇಗವೂ ಇಲ್ಲ. ಬಂಡೆಗೆ ಅಂಟಿದಂತಿರುವ ರೈಜೋಕಾರ್ಪನ್ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಅಗಲವಾಗುವುದಿಲ್ಲ. ಅಷ್ಟು ನಿಧಾನ ಅಂತಲೇ ರೋಲಂಡ್ ಬೆಶೆಲ್ 1950ರ ಸುಮಾರಿಗೆ ಅದರ ಅಗಲ ಅಳೆದು ಹಿಮನದಿ ಯಾವಾಗ ಹಿಂದೆ ಸರಿಯಿತು ಅಂತ ಲೆಕ್ಕ ಹಾಕುವ ವಿಧಾನ ಶುರು ಮಾಡಿದರು.

ಚುಕ್ಕೆಮಳೆ:
ಒಳಗಿನ ಪಾಚಿಯನ್ನು ಬದಲಿಸಿಕೊಳ್ಳಲು ಆಗುವುದಿಲ್ಲವಾ? ಬಿಸಿಗೆ ಒಗ್ಗಿದ ಪಾಚಿ ಸಿಕ್ಕರೆ ಅದನ್ನೇ ಇಟ್ಟುಕೊಂಡರಾಯಿತು.

ಭೂತಗನ್ನಡಿ:
ಕೆಲವು ಶಿಲೀಂಧ್ರಗಳಿಗೆ ಸಾಧ್ಯ. ಸೆಟ್ರೇರಿಯಾ ಆಕ್ಯುಲಿಯಾಟಾ ಅನ್ನುವ ಒಂದೇ ಜಾತಿ ಧ್ರುವ ಪ್ರದೇಶದಲ್ಲೂ ಮೆಡಿಟರೇನಿಯನ್ ಸುತ್ತಲೂ ಇದೆ. ತೆಗೆದು ನೋಡಿದರೆ ಎರಡು ಕಡೆಯೂ ಒಳಗಿನ ಪಾಚಿ ಬೇರೆ ಬೇರೆ ಬಗೆಯದು, ಎರಡೂ ಟ್ರೆಬೌಕ್ಸಿಯಾ ಗುಂಪಿಗೇ ಸೇರಿದ್ದರೂ. ಹೊಸ ಜಾಗದಲ್ಲಿ ಅಲ್ಲಿಗೆ ಒಗ್ಗಿದ ಪಾಚಿಯನ್ನು ಸೇರಿಸಿಕೊಂಡಂತೆ ಕಾಣುತ್ತದೆ. ಆದರೆ ಪ್ರತಿ ಸಲ ಹೊಸ ಜೋಡಿ ಕೂಡಬೇಕಾದರೆ ಶಿಲೀಂಧ್ರದ ಬೀಜಕಣ ಬಿದ್ದ ಜಾಗದಲ್ಲೇ ಆ ಪಾಚಿ ಇರಬೇಕು. ಪಾಚಿಯನ್ನು ಜೊತೆಗೇ ಹೊತ್ತುಕೊಂಡು ಚೂರಾಗಿ ಹರಡುವ ಜಾತಿಗಳಿಗೆ ಹುಡುಕುವ ತಾಪತ್ರಯ ಇಲ್ಲ, ಬದಲಾಯಿಸುವ ಅವಕಾಶವೂ ಅಷ್ಟಕ್ಕಷ್ಟೇ.